ಮಾಹೆಯಿಂದ ಬಂದ ಕಾರು

೭೮೬
ಮಜಗಾಂವ್, ಬೊಂಬಾಯಿ
ತಾ. ೧೨-೧-೧೯೬೪

ವೇಣೂರಿನ ಡ್ರೈವರ್ ಲೋಕಯ್ಯಣ್ಣನಿಗೆ ಮೆಲ್ಕಾರಿನ ಮೆಕ್ಯಾನಿಕ್ ಅಬ್ದುಲ್ ಶುಕೂರ್ ಮಾಡುವ ಸಲಾಂ.

ಆರು ವರ್ಷ ಕಳೆದ ಮೇಲೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದು, ಆಮೇಲೆ ಓದಿರಿ. ನಾನು ಇಲ್ಲಿ ಸೊರಾಬ್ ಸೇಠ್ ಎಂಬ ಪಾರ್ಸಿಯವರ ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್. ಸೇಠರಿಗೆ ಹಳೆಯ ಕಾರುಗಳ ಹುಚ್ಚು. ಹದಿಮೂರು ಕಾರು ಉಂಟು, ಒಂದರಲ್ಲಿಯೂ ಕೂತು ಹೋಗುವುದಿಲ್ಲ, ಉಜ್ಜಿಸಿ ಉಜ್ಜಿಸಿ ನೋಡುತ್ತಾರೆ. ಮೊನ್ನೆ ಮಾತಿಗೆ ಮಾತು ಬಂದು, ನಮ್ಮ ಕಡೆ ನೆಲ್ಲಿಪದವು ಬೀಡುಮನೆಯ ಧಣಿಯವರು ಮಾಹೆ ಊರಿನಿಂದ ತರಿಸಿದ ಒಂದು ಫ್ರೆಂಚ್ ಕಾರು ಉಂಟು, ಬಟ್ಟೆಯ ಹುಡ್ ಮಡಚಿ ಹಿಂದೆ ಹಾಕುವಂಥದ್ದು ಎಂದೆ. ಹೆಸರು ಹೇಳಿದ್ದೇ ತಡ, ಸೇಠರು ಚಹಾದ ಕಪ್ಪು ಕೆಳಗಿಟ್ಟರು. ನಾವು ದಿಲ್ಲಾಯಿ ಎನ್ನುತ್ತಿದ್ದೆವಲ್ಲ, ಅದನ್ನು ದೆಲಾಯ್ ಎನ್ನಬೇಕಂತೆ. ಆ ಕಂಪನಿ ಮುಚ್ಚಿ ಹತ್ತು ವರ್ಷ ಆಯಿತಂತೆ.

ಸೇಠರಿಗೆ ಕಾರು ಬೇಕು. ಆದರೆ ಅದರ ಚರಿತ್ರೆಯೂ ಬೇಕು. ಯಾರ ಕೈಯಿಂದ ಯಾರ ಕೈಗೆ ಬಂತು, ಚಾಸಿ ನಂಬರ್ ಎಷ್ಟು, ಎಂಜಿನ್ ಹುಟ್ಟಿನದ್ದೇ ಹೌದೋ ಅಲ್ಲವೋ. ಚರಿತ್ರೆ ಪೂರ್ತಿ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಗುಜರಿ ಬೆಲೆ. ಮಾಹೆಯಿಂದ ಅದನ್ನು ಓಡಿಸಿ ತಂದವರು ನೀವು. ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಿರಿ. ಅದು ಈಗಲೂ ಉಂಟಾ?

ದೊಡ್ಡ ಧಣಿ ರುಕ್ಮಯ್ಯ ಬಲ್ಲಾಳರು ತೀರಿಹೋದರೆಂದು ಕೇಳಿದೆ. ಈಗ ಅವರ ಮಗ ಪದ್ಮಪ್ರಸಾದರೇ ಯಜಮಾನರಲ್ಲವೇ. ಅವರಿಗೆ ನಾನು ಬೇರೆ ಬರೆಯುತ್ತೇನೆ. ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ತಂಗಿ ನೀಲಾವತಿಗೂ ಸಲಾಂ ತಿಳಿಸಿ.

ನಿಮ್ಮ
ಶುಕೂರ್


ಶ್ರೀ
ವೇಣೂರು
ತಾ. ೨೮-೧-೧೯೬೪

ಶುಕೂರಣ್ಣನಿಗೆ ನೀಲಾವತಿಯ ನಮಸ್ಕಾರ.

ಅಣ್ಣನ ಹೆಸರಿಗೆ ಬಂದ ನಿಮ್ಮ ಕಾಗದವನ್ನು ನಾನೇ ಒಡೆದು ಓದಿದೆ. ಅಣ್ಣ ಈಗ ಬರೆಯುವುದಿಲ್ಲ. ಅವನಿಗೆ ಬಂದದ್ದಕ್ಕೆಲ್ಲ ಉತ್ತರ ಕೊಡುವವಳು ನಾನು. ನಾನು ಇಲ್ಲಿಯ ಶಾಲೆಯಲ್ಲಿ ಟೀಚರ್ ಆಗಿ ಐದು ವರ್ಷ ಆಗುತ್ತ ಬಂತು.

ನೋಟುಪುಸ್ತಕ ಉಂಟು. ಎಣ್ಣೆಯ ಕಲೆ ಬಿಟ್ಟರೆ ಎಲ್ಲ ಓದಲಿಕ್ಕಾಗುತ್ತದೆ. ಕಳುಹಿಸುವ ಮೊದಲು ಒಂದು ವಿಷಯ ತಿಳಿಯಬೇಕು. ಚರಿತ್ರೆ ಪೂರ್ತಿ ಬೇಕು ಎಂದಿದ್ದೀರಿ. ಪೂರ್ತಿ ಎಂದರೆ ಎಲ್ಲಿಯವರೆಗೆ? ಹೆಂಗಸರು ಕಟ್ಟಿದ ಬೀಡಿ ಕೊಡುವ ತೋಡಾರಿನ ಬೀಡಿ ಬ್ರಾಂಚಿನ ಎದುರು ಆ ಕಾರು ಹಿಂದಕ್ಕೆ ಹೋಗಿ ಅಮ್ಮಣಿ ಎಂಬ ಹುಡುಗಿಯನ್ನು ಗೋಡೆಗೆ ಒತ್ತಿ ಕೊಂದ ದಿನವೂ ಅದರಲ್ಲಿ ಬರುತ್ತದಾ? ೧೬-೧-೧೯೫೭, ಬುಧವಾರ. ಅಣ್ಣನಿಗೆ ಹದಿನಾಲ್ಕು ತಿಂಗಳ ಜೈಲು ತಂದ ದಿನ. ಕೋರ್ಟಿನಲ್ಲಿ ಸಾಕ್ಷಿ ಹೇಳಿದವರು ನೀವೇ ಆದ್ದರಿಂದ ನಿಮಗೆ ನೆನಪಿರಬಹುದು.

ಇತಿ
ನೀಲಾವತಿ


೭೮೬
ಬೊಂಬಾಯಿ
ತಾ. ೯-೨-೧೯೬೪

ತಂಗಿ ನೀಲಾವತಿಗೆ,

ನೀನು ಟೀಚರ್ ಆದದ್ದು ಕೇಳಿ ಸಂತೋಷ. ಲೋಕಯ್ಯಣ್ಣನ ಕೈಗೆ ಎಂತ ಆಗಿದೆ? ವಾತವಾ? ಇಲ್ಲಿ ಒಳ್ಳೆಯ ಎಣ್ಣೆ ಸಿಗುತ್ತದೆ, ಬೇಕಾದರೆ ಕಳುಹಿಸುತ್ತೇನೆ.

ತೋಡಾರಿನದ್ದು ಬೇಡ. ಅದು ಕಾರಿನ ಚರಿತ್ರೆ ಅಲ್ಲ, ನಮ್ಮ ಗ್ರಹಚಾರ. ಸೇಠರ ಕಿವಿಗೆ ಬಿದ್ದರೆ ಅಪಶಕುನದ ಕಾರು ಎಂದು ಕೈಬಿಟ್ಟಾರು.

ಸೇಠರು ಪ್ಯಾರಿಸ್ಸಿಗೂ ಪಾಂಡಿಚೇರಿಗೂ ಬರೆದು ಇಷ್ಟು ತಿಳಿದುಕೊಂಡಿದ್ದಾರೆ. ಈ ತರಹದ ಬಾಡಿ ಕಟ್ಟಿದ್ದು ಒಟ್ಟು ಏಳು. ಮೂರು ಎಲ್ಲಿವೆಯೆಂದು ಗೊತ್ತು. ಒಂದು ೧೯೩೯ರಲ್ಲಿ ಹಡಗಿನಲ್ಲಿ ಪಾಂಡಿಚೇರಿಯ ಒಬ್ಬ ನೂಲಿನ ವ್ಯಾಪಾರಿಗೆ ಬಂತು. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಅದನ್ನು ಬೈಹುಲ್ಲಿನಡಿ ಮುಚ್ಚಿಟ್ಟಿದ್ದರಂತೆ. ಆಮೇಲೆ ಒಬ್ಬ ಫ್ರೆಂಚ್ ಅಧಿಕಾರಿ ಕೊಂಡು ಮಾಹೆಗೆ ತೆಗೆದುಕೊಂಡು ಹೋದ. ೧೯೫೪ರಲ್ಲಿ ಫ್ರೆಂಚರು ಮಾಹೆ ಬಿಟ್ಟು ಹೋಗುವಾಗ ಸಿಕ್ಕಿದ ಬೆಲೆಗೆ ಮಾರಿದ. ಅಲ್ಲಿಂದ ಮುಂದೆ ಸೇಠರ ಹತ್ತಿರ ಏನೂ ಇಲ್ಲ, ನಿಮ್ಮ ಹತ್ತಿರ ಉಂಟು. ನಮ್ಮದೂ ಅದೂ ಒಂದೇ ಎಂದು ನಂಬರಿನಿಂದ ಗೊತ್ತಾಗಬೇಕು. ಬಾನೆಟ್ಟಿನೊಳಗೆ ಎದುರಿನ ತಗಡಿನ ಮೇಲೆ ಹಿತ್ತಾಳೆಯ ಪಟ್ಟಿ ಉಂಟು, ಬೀಡಿಗೆ ಹೋಗಿ ಒಮ್ಮೆ ನೋಡಿ ಬರುತ್ತೀಯಾ? ಸಣ್ಣ ಧಣಿಗೆ ನಾನು ಬರೆದಾಗಿದೆ.

ಶುಕೂರ್


ವೇಣೂರು
ತಾ. ೪-೩-೧೯೬೪

ಶುಕೂರಣ್ಣನಿಗೆ,

ಭಾನುವಾರ ಬೀಡಿಗೆ ಹೋಗಿದ್ದೆ. ಹಿತ್ತಾಳೆಯ ಪಟ್ಟಿಯನ್ನು ಹುಣಿಸೆಹುಳಿಯಿಂದ ಉಜ್ಜಿದ ಮೇಲೆ ನಂಬರ್ ಕಂಡಿತು: ೬೦೪೧೭. ಎಂಜಿನಿನ ಮೇಲೆಯೂ ಅದೇ.

ಕಾರು ಬತ್ತದ ಕಣಜದ ಹಿಂದಿನ ಕೊಟ್ಟಿಗೆಯ ಮಾಡಿನಡಿ ಉಂಟು. ಹುಡ್ಡಿನ ಬಟ್ಟೆಯನ್ನು ಇಲಿ ತಿಂದಿದೆ. ಕೆಂಪು ಚರ್ಮದ ಸೀಟಿನ ಮೇಲೆ ತೆಂಗಿನಕಾಯಿ ಪೇರಿಸಿದ್ದಾರೆ. ಹಿಂದಿನ ಎಡ ಮಡ್‌ಗಾರ್ಡಿನ ತಗ್ಗು ಹಾಗೆಯೇ ಉಂಟು, ಬಡಿದು ಸರಿಮಾಡಿಸಲೂ ಇಲ್ಲ.

ಪದ್ಮಪ್ರಸಾದ ಬಲ್ಲಾಳರು ಅಂಗಳದಲ್ಲಿಯೇ ನಿಂತು ಮಾತಾಡಿದರು. "ನೀನು ಲೋಕಯ್ಯನ ತಂಗಿಯಲ್ವಾ? ಶಾಲೆ ಬಿಟ್ಟು ದಲ್ಲಾಳಿ ಕೆಲಸ ಶುರು ಮಾಡಿದ್ದಾ?" ಎಂದರು.

"ಇಲ್ಲ, ನಂಬರ್ ನೋಡಿ ಹೋಗ್ತೇನೆ" ಎಂದೆ.

"ಗುಜರಿಯವನು ಎಂಟುನೂರು ಕೊಡ್ತೇನೆ ಅಂದಿದ್ದಾನೆ. ನಿಮ್ಮ ಸೇಠ್ ಎಷ್ಟು ಕೊಡ್ತಾನಂತೆ?"

"ಚರಿತ್ರೆ ಪೂರ್ತಿ ಆದರೆ ಸಾವಿರಗಳಲ್ಲಿ ಉಂಟಂತೆ."

ಅವರ ಮುಖದ ಬಣ್ಣ ಬದಲಾದದ್ದನ್ನು ನೋಡಿದೆ. ಕೂಡಲೇ ಆಳನ್ನು ಕರೆದು ತೆಂಗಿನಕಾಯಿ ತೆಗೆಸಿದರು. ಸ್ಟೇರಿಂಗಿನ ಹತ್ತಿರ ಕೂತು ಗೇರ್ ಹಾಕುವುದು ಹೇಗೆಂದು ಒಮ್ಮೆ ತೋರಿಸಿ, ಬರೆದು ಕಳುಹಿಸಬೇಕು ಎಂದೆ. ಬೆನ್ನುನೋವು ಎಂದರು. ಕೂರಲಿಲ್ಲ. ಅಣ್ಣ ಹೇಗಿದ್ದಾನೆಂದು ಕೇಳಲೂ ಇಲ್ಲ.

ನೋಟುಪುಸ್ತಕದ ಮೊದಲ ಪುಟಗಳನ್ನು ನಕಲು ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ಮಾಹೆಯಿಂದ ಮಂಗಳೂರಿಗೆ ಮೂರು ದಿನ, ದೋಣಿ ಜೋಡಿಸಿದ ಜಂಗಲ್ ತೆಪ್ಪದಲ್ಲಿ ಹೊಳೆ ದಾಟಿಸುವಾಗ ಹಿಂದಿನ ಚಕ್ರ ಹಲಗೆಯಿಂದ ಜಾರಿದ್ದು, ಫ್ರಾನ್ಸಿನ ಕಾರಾದರೂ ಸ್ಟೇರಿಂಗ್ ನಮ್ಮ ಹಾಗೆ ಬಲಕ್ಕೇ ಇದ್ದುದರಿಂದ ಸುಲಭವಾದದ್ದು, ಎಲ್ಲ ಉಂಟು. ಒಂದು ಪುಟದಲ್ಲಿ ಹೀಗೆ ಬರೆದಿದ್ದಾನೆ: "ಕಾಲಿನ ಹತ್ತಿರದ ಉದ್ದ ಕಡ್ಡಿ ಹಿಂದಕ್ಕಿದ್ದರೆ ನಾಲ್ಕು ಗೇರಿನಲ್ಲಿಯೂ ಕಾರು ಹಿಂದಕ್ಕೇ ಹೋಗುತ್ತದೆ. ಗೊತ್ತಿಲ್ಲದವರನ್ನು ಕೂರಿಸಬಾರದು."

ಇಷ್ಟು ತಿಳಿದವನು ತೋಡಾರಿನಲ್ಲಿ ಹೇಗೆ ತಪ್ಪಿದ? ಉಳಿದ ಪುಟಗಳು ಬೇಕಾದರೆ ಆ ದಿನ ನೀವು ಕಂಡದ್ದನ್ನು ನಿಮ್ಮ ಕೈಯಿಂದ ಬರೆದು ಕಳುಹಿಸಿ. ಅದು ನಮ್ಮ ಮನೆಯ ಷರತ್ತು.

ನೀಲಾವತಿ


೭೮೬
ಬೊಂಬಾಯಿ
ತಾ. ೨೦-೩-೧೯೬೪

ತಂಗಿ ನೀಲಾವತಿಗೆ,

ನಂಬರ್ ನೋಡಿ ಸೇಠರು ಕುರ್ಚಿಯಿಂದ ಎದ್ದು ನಿಂತರು. ಅದೇ ಕಾರು. ನಿನಗೆ ಒಂದು ಸೀರೆ ಕಳುಹಿಸಲು ಹೇಳಿದ್ದಾರೆ.

ತೋಡಾರಿನ ದಿನ ನಾನು ಎದುರಿನ ಲಾರಿಯೊಂದರ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದೆ. ಸದ್ದು ಕೇಳಿ ಎದ್ದು ಬರುವಾಗ ಎಲ್ಲ ಮುಗಿದಿತ್ತು. ಜನ ಹೇಳಿದ್ದನ್ನೇ ಕೋರ್ಟಿನಲ್ಲಿ ಹೇಳಿದೆ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಲೋಕಯ್ಯಣ್ಣನೇ ತಪ್ಪೊಪ್ಪಿಕೊಂಡ ಮೇಲೆ ನಾನು ಹೇಳುವುದು ಎಂತ ಉಂಟು? ಅವರನ್ನೇ ಕೇಳು.

ಶುಕೂರ್


ವೇಣೂರು
ತಾ. ೬-೪-೧೯೬೪

ಶುಕೂರ್ ಅವರಿಗೆ,

ಸೀರೆ ಬೇಡ. ಬಂದರೆ ಹಿಂದಕ್ಕೆ ಹೋಗುತ್ತದೆ.

ಶಾಲೆಗೆ ರಜೆ ಇದ್ದುದರಿಂದ ಮೊನ್ನೆ ಬಂಟ್ವಾಳದ ಬಸ್ಸು ಹಿಡಿದು ಮೆಲ್ಕಾರಿಗೆ ಹೋಗಿ ನಿಮ್ಮ ಉಮ್ಮ ಬೀಪಾತುಮ್ಮನವರನ್ನು ಕಂಡೆ. ಲೋಕಯ್ಯನ ತಂಗಿ ಎಂದಾಗ ಕೈಹಿಡಿದು ಒಳಗೆ ಕೂರಿಸಿ ಅಕ್ಕಿಯ ಪತ್ತಿರಿ ಕೊಟ್ಟರು. ನಾನು ಏನನ್ನೂ ಕೆದಕಿ ಕೇಳಲಿಲ್ಲ. ಅವರೇ ಹೇಳಿದರು: "ಆ ಹುಡುಗಿ ಸತ್ತ ದಿನ ನನ್ನ ಮಗ ಊಟ ಮಾಡಲಿಲ್ಲ ಮಗಳೇ. ಕಣ್ಣೆದುರೇ ಆಯ್ತು ಉಮ್ಮ, ಬೇಡ ಬೇಡ ಅಂದರೂ ಕೇಳಲಿಲ್ಲ ಅಂತ ಅಳ್ತಾ ಇದ್ದ. ಬೊಂಬಾಯಿಗೆ ಹಡಗಿನ ಟಿಕೆಟು ಬೀಡಿನ ಆಳೇ ತಂದುಕೊಟ್ಟದ್ದು. ಅಲ್ಲಿ ಕೆಲಸವೂ ಧಣಿಯವರೇ ಮಾಡಿಸಿದ್ದು. ದೊಡ್ಡ ಮನಸ್ಸು."

ಲಾರಿಯಡಿ ಮಲಗಿದವರ ಕಣ್ಣೆದುರು ಆದದ್ದು ಹೇಗೆ? ಬೇಡ ಬೇಡ ಎಂದದ್ದು ಯಾರಿಗೆ? ಅಣ್ಣನಿಗೆ ಗೇರು ಹೇಳಿಕೊಡುವಷ್ಟು ನೀವು ದೊಡ್ಡವರಲ್ಲ.

ಉತ್ತರ ಬಾರದಿದ್ದರೆ ಮೆಲ್ಕಾರಿಗೆ ಮತ್ತೊಮ್ಮೆ ಹೋಗಿ, ದೊಡ್ಡ ಮನಸ್ಸು ಎಂದರೆ ಏನೆಂದು ನಿಮ್ಮ ಉಮ್ಮನಿಗೆ ವಿವರಿಸುತ್ತೇನೆ.

ನೀಲಾವತಿ


೭೮೬
ಬೊಂಬಾಯಿ
ತಾ. ೨-೫-೧೯೬೪

ನೀಲಾವತಿಗೆ,

ಬರೆದು ಹರಿದು, ಬರೆದು ಹರಿದು ಇಷ್ಟು ದಿನ ಆಯಿತು. ಉಮ್ಮನ ಹತ್ತಿರ ಹೋಗಬೇಡ. ಎಲ್ಲ ಬರೆಯುತ್ತೇನೆ.

ಆ ದಿನ ಕಾರಿನ ರೇಡಿಯೇಟರ್ ಪೈಪು ತೋಡಾರಿನಲ್ಲಿ ಒಡೆಯಿತು. ನನ್ನನ್ನು ಕರೆಸಿದರು. ಕೆಲಸ ಮುಗಿದ ಮೇಲೆ ಲೋಕಯ್ಯಣ್ಣ ಕಾರನ್ನು ಹಿಂದಕ್ಕೆ ಸರಿಸಿ ಮಾವಿನ ಮರದ ನೆರಳಿಗೆ ನಿಲ್ಲಿಸಿ, ರೇಡಿಯೇಟರಿಗೆ ನೀರು ತರಲು ಬಾವಿಗೆ ಹೋದರು. ಎಂಜಿನ್ ಓಡುತ್ತಾ ಇತ್ತು. ಆಗ ಪದ್ಮಪ್ರಸಾದರು ಬಂದು ಸ್ಟೇರಿಂಗಿನಲ್ಲಿ ಕೂತರು. "ಬೇಡ ಸಣ್ಣ ಧಣಿ, ಉದ್ದದ ಕಡ್ಡಿ ಹಿಂದೆ ಉಂಟು" ಎಂದೆ. "ನನಗೆ ಕಲಿಸ್ಲಿಕ್ಕೆ ಬರ್ಬೇಡ" ಎಂದರು. ಸ್ಟೇರಿಂಗಿನಡಿಯ ಗೇರಿನ ಸಣ್ಣ ಕಡ್ಡಿಯನ್ನು ಒತ್ತಿ ಎಕ್ಸಲರೇಟರ್ ಮೆಟ್ಟಿದರು. ಮುಂದೆ ಹೋಗುತ್ತದೆಂದು ಅವರ ಲೆಕ್ಕ. ಅದು ಹಿಂದಕ್ಕೆ ಹಾರಿತು. ಅಮ್ಮಣಿ ಬ್ರಾಂಚಿನ ಗೋಡೆಗೆ ಒರಗಿ ತನ್ನ ಬೀಡಿ ಕಟ್ಟುಗಳನ್ನು ಎಣಿಸುತ್ತಿದ್ದಳು. ಅವಳು ಕೂಗಲೂ ಇಲ್ಲ. ಪದ್ಮಪ್ರಸಾದರು ಇಳಿದು ಅಡಿಕೆ ತೋಟದೊಳಗೆ ಓಡಿದರು. ಕೊಡಪಾನ ಬಿಸಾಡಿ ಬಂದು ಕಾರನ್ನು ಮುಂದಕ್ಕೆ ತೆಗೆದವರು ಲೋಕಯ್ಯಣ್ಣ. ಜನ ಸೇರುವಾಗ ಸ್ಟೇರಿಂಗಿನಲ್ಲಿ ಕಂಡದ್ದು ಅವರನ್ನೇ.

ಸಂಜೆ ಬೀಡಿನ ಚಾವಡಿಯಲ್ಲಿ ದೊಡ್ಡ ಧಣಿ ಹೇಳಿದರು: "ಲೋಕಯ್ಯಾ, ಇರುವುದು ಒಬ್ಬ ಮಗ. ನಿನ್ನ ಹತ್ತಿರ ಲೈಸನ್ಸ್ ಉಂಟು, ಅವನ ಹತ್ತಿರ ಇಲ್ಲ. ನೀನು ಒಪ್ಪಿಕೊಂಡರೆ ದಂಡ ಆಗ್ತದೆ, ನಾನು ಕಟ್ಟುತ್ತೇನೆ. ಜೈಲೆಲ್ಲ ಇಲ್ಲ."

ಲೋಕಯ್ಯಣ್ಣ, "ತಂಗಿಗೆ ಟೀಚರ್ ಟ್ರೈನಿಂಗಿಗೆ ಕರೆ ಬಂದಿದೆ. ನನ್ನಿಂದ ಆಗುವುದಿಲ್ಲ. ನೀವು ಓದಿಸ್ತೀರಾ?" ಎಂದರು.

"ಓದಿಸುವ" ಎಂದರು ಧಣಿ.

ಹೊರಗೆ ಬಂದ ಮೇಲೆ ನನ್ನ ಹತ್ತಿರ, "ಕಡ್ಡಿ ಹಿಂದಕ್ಕೆ ಬಿಟ್ಟು ಹೋದದ್ದು ನಾನೇ ಅಲ್ವಾ ಶುಕೂರ್" ಎಂದರು. ನಾನು, ನಿಮ್ಮ ತಪ್ಪಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ನನಗೂ ಬೊಂಬಾಯಿಯ ಆಸೆ ತೋರಿಸಿದ್ದರು. ಕೋರ್ಟಿನಲ್ಲಿ ನಿಂತು, ಓಡಿಸಿದ್ದು ಲೋಕಯ್ಯ ಎಂದೆ.

ಇದನ್ನು ನೀನೇ ಅವರಿಗೆ ಓದಿ ಹೇಳು. ಶುಕೂರ್ ಕಾಲು ಹಿಡಿದಿದ್ದಾನೆ ಎಂದು ಹೇಳು.

ಅಬ್ದುಲ್ ಶುಕೂರ್


ವೇಣೂರು
ತಾ. ೧೨-೫-೧೯೬೪

ಅಬ್ದುಲ್ ಶುಕೂರ್ ಅವರಿಗೆ,

ಓದಿ ಹೇಳಲು ಅಣ್ಣ ಇಲ್ಲ. ೧೯೬೨ರ ಅಕ್ಟೋಬರ್ ಒಂಬತ್ತರಂದು ತೀರಿಹೋದ. ನೀವು ಕಳುಹಿಸಿದ ಸಲಾಮುಗಳನ್ನೆಲ್ಲ ನಾನೇ ಇಟ್ಟುಕೊಂಡಿದ್ದೇನೆ. ಮೊದಲೇ ಹೇಳಿದ್ದರೆ ನೀವು ಬರೆಯುತ್ತಿರಲಿಲ್ಲ.

ಜೈಲಿನಿಂದ ಬರುವಾಗಲೇ ಕೆಮ್ಮು ಇತ್ತು. ಲೈಸನ್ಸ್ ಹೋಗಿತ್ತು. ಬೀಡಿಗೆ ಹೋದ, ಒಳಗೆ ಬಿಡಲಿಲ್ಲ. ಗಾಡಿ ಮುಟ್ಟಲು ಯಾರೂ ಕೊಡಲಿಲ್ಲ, ಇಲ್ಲಿಯ ಜೀನಸು ಅಂಗಡಿಯಲ್ಲಿ ಮೂಟೆ ಹೊತ್ತ. ಕಡೆಗೆ ಬೆಳ್ತಂಗಡಿಯ ಡಾಕ್ಟರು ಶ್ವಾಸಕೋಶ ಮುಗಿದಿದೆ ಎಂದರು. ಒಮ್ಮೆ ಮೂಡುಬಿದ್ರಿಯ ಸಂತೆಯಲ್ಲಿ ಅಮ್ಮಣಿಯ ತಾಯಿ ಸೇಸಮ್ಮ ಇವನ ಅಂಗಿಯ ಕಾಲರ್ ಹಿಡಿದು ನಿಲ್ಲಿಸಿದರು. "ನನ್ನ ಮಗಳ ಹೆಸರು ಹೇಳು" ಎಂದರು. ಹೇಳಿದ. "ಇನ್ನೊಮ್ಮೆ ಹೇಳು" ಎಂದರು. ಹೇಳಿದ. ಸಂತೆಯವರೆಲ್ಲ ನೋಡುತ್ತಿದ್ದರು. ನಾನು ಪಕ್ಕದಲ್ಲಿಯೇ ನಿಂತಿದ್ದೆ, ನಾಚಿಕೆಯಿಂದ. ಅವನ ಮೇಲೆಯೇ ನಾಚಿಕೆ.

ನನ್ನ ಟ್ರೈನಿಂಗಿಗೆ ತಾನೇ ಹಣ ಕೂಡಿಟ್ಟಿದ್ದೇನೆ ಎಂದು ಅಣ್ಣ ಹೇಳಿದ್ದ. ನಾನು ನಂಬಿದ್ದೆ. ನಿಮ್ಮ ಕಾಗದ ಬಂದ ಮರುದಿನ, ರಜೆಯ ಪಾಠಕ್ಕೆ ಮಕ್ಕಳು ಬಂದಾಗ, ಹಲಗೆಯ ಎದುರು ನಿಂತು ಚಾಕ್ ಹಿಡಿದೆ, ಬರೆಯಲಾಗಲಿಲ್ಲ. ಮಕ್ಕಳನ್ನು ಬೇಗ ಮನೆಗೆ ಬಿಟ್ಟೆ.

ನೀವು ಹೇಡಿ ಎಂದು ನನಗೆ ಮೊದಲೇ ಗೊತ್ತಿತ್ತು. ಹೇಡಿಯ ಸಹಿ ಸಿಕ್ಕಿತು. ಇನ್ನು ಬಲ್ಲಾಳನ ಸಹಿ ಬೇಕು.

ನೀಲಾವತಿ


೭೮೬
ಬೊಂಬಾಯಿ
ತಾ. ೩೦-೫-೧೯೬೪

ನೀಲಾವತಿ ಟೀಚರಿಗೆ,

ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಹೋಗಿ ಸೇಠರಿಗೆ ಎಲ್ಲ ಹೇಳಿದೆ. ಕಾರು ಬೇಡವೆನ್ನುತ್ತಾರೆ, ಅಲ್ಲಿಗೆ ಇದು ಮುಗಿಯುತ್ತದೆ, ನೀವೂ ಸುಮ್ಮನಾಗುತ್ತೀರಿ ಎಂದು ನನ್ನ ಎಣಿಕೆ.

ಅವರು ಕೇಳಿ ಚಹಾ ತರಿಸಿದರು. "ಒಂದು ಸಾವು, ಒಂದು ಸುಳ್ಳು ಕೇಸು. ಇಂಥ ಕಾರು ಯಾರ ಹತ್ತಿರ ಉಂಟು?" ಎಂದರು. ಓಡಿಸಿದವನೇ ಬರೆದು ಸಹಿ ಹಾಕಿ ಕೊಟ್ಟರೆ ಕಾರಿಗೆ ಹನ್ನೆರಡು ಸಾವಿರ ಕೊಡುತ್ತಾರಂತೆ. ಇಲ್ಲದಿದ್ದರೆ ಐದು. ಅಮ್ಮಣಿಯ ಸಾವಿಗೆ ಏಳು ಸಾವಿರ ಬೆಲೆ ಕಟ್ಟಿದ ಹಾಗಾಯಿತು. ತಪ್ಪು ಎಂದು ಹೇಳಲಿಕ್ಕೆ ನಾನು ಯಾರು.

ಇಲ್ಲಿಗೆ ಬಿಡಿ. ಸತ್ತವರು ಬರುವುದಿಲ್ಲ.

ಶುಕೂರ್


ವೇಣೂರು
ತಾ. ೮-೬-೧೯೬೪

ಅಬ್ದುಲ್ ಶುಕೂರ್ ಅವರಿಗೆ,

ಬಿಡುವುದಿಲ್ಲ. ಸೇಠರು ದಾರಿ ತೋರಿಸಿದ್ದಾರೆ.

ಬಂಟ್ವಾಳದ ವಕೀಲ ಗುರುವಪ್ಪನವರ ಹತ್ತಿರ ಯಾರದ್ದೋ ಕಥೆಯೆಂಬಂತೆ ಕೇಳಿ ಬಂದೆ. ಒಬ್ಬ ಡ್ರೈವರಿಗೆ ಶಿಕ್ಷೆಯಾಗಿದ್ದರೂ ನಿಜವಾಗಿ ಓಡಿಸಿದವನ ಮೇಲೆ ಕೇಸು ಹಾಕಬಹುದಂತೆ. ಸತ್ತವಳ ಮನೆಯವರು ದೂರು ಕೊಡಬೇಕು, ಗಟ್ಟಿ ಪುರಾವೆ ಇರಬೇಕು. ಬಲ್ಲಾಳನಿಗೆ ಇದು ಗೊತ್ತಿಲ್ಲ. ಆ ಕೇಸು ಸಮಾಧಿಯಾಯಿತು ಎಂದು ತಿಳಿದಿದ್ದಾನೆ. ಅವನಿಗೆ ಕಾನೂನು ಗೊತ್ತಿಲ್ಲ, ಬೆಲೆ ಗೊತ್ತುಂಟು.

ಸೇಠರ ಹೆಸರಿನಲ್ಲಿ ಅವನಿಗೆ ಬರೆಸಿ. ಕಾರಿನ ಚರಿತ್ರೆಗೆ ಮಾಲೀಕರ ಹೇಳಿಕೆ ಬೇಕು. ತೋಡಾರಿನ ದಿನ ಸ್ಟೇರಿಂಗಿನಲ್ಲಿ ಯಾರಿದ್ದರು, ಯಾವ ಕಡ್ಡಿ ಒತ್ತಿದರು, ಏನಾಯಿತು ಎಂದು ಅವನದೇ ಕೈಬರಹದಲ್ಲಿ ಬೇಕು. ಫೈಲಿನಲ್ಲಿ ಇರುತ್ತದೆ, ಯಾರೂ ನೋಡುವುದಿಲ್ಲ. ಹನ್ನೆರಡು ಸಾವಿರ ಎಂದು ಮೇಲೆಯೇ ಬರೆಯಲಿ. ಆ ಅಂಕೆಯನ್ನು ದೊಡ್ಡ ಅಕ್ಷರದಲ್ಲಿ ಟೈಪು ಮಾಡಿಸಿ.

ನೀಲಾವತಿ


೭೮೬
ಬೊಂಬಾಯಿ
ತಾ. ೧೧-೭-೧೯೬೪

ನೀಲಾವತಿ ಟೀಚರಿಗೆ,

ಬಂತು. ಎರಡು ಪುಟ, ಅವರದೇ ಅಕ್ಷರ, ಕೆಳಗೆ ಸಹಿ. "ಆ ದಿನ ಗಾಡಿಯನ್ನು ನಾನೇ ಚಾಲೂ ಮಾಡಿದ್ದು. ಈ ಕಾರಿನ ವಿಚಿತ್ರ ಗೇರಿನಿಂದಾಗಿ ಹೀಗಾಯಿತು. ಒಬ್ಬಳು ಬೀಡಿ ಹೆಂಗಸು ಸತ್ತಳು. ನಮ್ಮ ಡ್ರೈವರ್ ನಿಷ್ಠೆಯಿಂದ ಜವಾಬ್ದಾರಿ ವಹಿಸಿಕೊಂಡ" ಎಂದು ಬರೆದಿದ್ದಾರೆ. ಕೊನೆಗೆ, ಹಣವನ್ನು ಡ್ರಾಫ್ಟಿನಲ್ಲಿ ಕಳುಹಿಸಬೇಕು ಎಂದೂ ಉಂಟು.

ಸೇಠರು ಇಂಗ್ಲಿಷಿಗೆ ಮಾಡಿಸಲು ನನ್ನ ಕೈಗೆ ಕೊಟ್ಟಿದ್ದಾರೆ. ಕಾರು ತರಲು ಲಾರಿ ಆಗಸ್ಟಿನಲ್ಲಿ ಹೊರಡುತ್ತದೆ. ಇದನ್ನು ನಿಮಗೆ ಕಳುಹಿಸಿದರೆ ನನ್ನ ಕೆಲಸ ಹೋಗುತ್ತದೆ. ಸುಳ್ಳು ಸಾಕ್ಷಿಗೆ ನನಗೂ ಜೈಲು. ಹೆಂಡತಿ ಸೈನಬ ಈಗ ಆರು ತಿಂಗಳ ಬಸುರಿ. ಒಂದೇ ಮಾತು ಕೇಳುತ್ತೇನೆ. ನನ್ನ ಹೆಸರು ಎಲ್ಲಿಯೂ ಬಾರದ ಹಾಗೆ ಮಾಡುತ್ತೇನೆಂದು ಬರೆದು ಕಳುಹಿಸಿ. ಆ ದಿನವೇ ರಿಜಿಸ್ಟರ್ ಮಾಡುತ್ತೇನೆ.

ಶುಕೂರ್


ವೇಣೂರು
ತಾ. ೧೭-೭-೧೯೬೪

ಹೆಸರು ಬಿಡುವುದಿಲ್ಲ. ಕಾಗದ ಕಳುಹಿಸಿ.

ನೀಲಾವತಿ


ಬೊಂಬಾಯಿ
ತಾ. ೨೫-೭-೧೯೬೪

ಕಳುಹಿಸಿದ್ದೇನೆ. ಕಳುಹಿಸುವ ಮೊದಲು ಸೈನಬಳಿಗೆ ಎಲ್ಲ ಹೇಳಿದೆ. ಅವಳು, "ಕಳುಹಿಸದಿದ್ದರೆ ಹುಟ್ಟುವ ಮಗುವನ್ನು ಎತ್ತಿಕೊಳ್ಳುವಾಗ ನಿಮಗೆ ಹೇಗೆ ಕಾಣ್ತದೆ?" ಎಂದಳು. ಬೇರೆ ಏನೂ ಬರೆಯಲು ತೋಚುವುದಿಲ್ಲ.

ಶುಕೂರ್


ವೇಣೂರು
ತಾ. ೩೦-೮-೧೯೬೪

ಅಬ್ದುಲ್ ಶುಕೂರ್ ಅವರಿಗೆ,

ಏನಾಯಿತೆಂದು ತಿಳಿಯುವ ಹಕ್ಕು ನಿಮಗೆ ಉಂಟು. ಆದ್ದರಿಂದ ಬರೆಯುತ್ತೇನೆ.

ಕಾಗದ ತೆಗೆದುಕೊಂಡು ತೋಡಾರಿಗೆ ಹೋದೆ. ಸೇಸಮ್ಮ ಜಗಲಿಯಲ್ಲಿ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದರು. ನನ್ನನ್ನು ಕಂಡು ಕತ್ತರಿ ನಿಲ್ಲಿಸಿದರು. ಕೂರು ಎನ್ನಲಿಲ್ಲ. ನಿಂತೇ ಬಲ್ಲಾಳನ ಎರಡು ಪುಟ ಓದಿದೆ, ನಿಮ್ಮ ಮೇ ತಿಂಗಳ ಕಾಗದವನ್ನೂ ಓದಿದೆ. "ಒಬ್ಬಳು ಬೀಡಿ ಹೆಂಗಸು" ಎಂಬಲ್ಲಿ ನಿಲ್ಲಿಸಿ ಅವರ ಮುಖ ನೋಡಿದೆ. ಅವರು ಮುಂದೆ ಓದು ಎಂದು ಕೈಮಾಡಿದರು.

ಮುಗಿದ ಮೇಲೆ ಅವರು ಬಲ್ಲಾಳನ ಬಗ್ಗೆ ಕೇಳಲಿಲ್ಲ. "ಹಾಗಾದ್ರೆ ನಾನು ಸಂತೆಯಲ್ಲಿ ಕಾಲರ್ ಹಿಡಿದಾಗ ನಿನ್ನ ಅಣ್ಣನಿಗೆ ಗೊತ್ತಿತ್ತು" ಎಂದರು.

"ಗೊತ್ತಿತ್ತು" ಎಂದೆ.

"ಹೇಳಲಿಲ್ಲ."

"ಹೇಳಲಿಲ್ಲ."

"ನನ್ನ ಮಗಳನ್ನು ಕೊಂದವನನ್ನು ಬಚ್ಚಿಟ್ಟು ನಿನ್ನನ್ನು ಟೀಚರ್ ಮಾಡಿದ."

ನಾನು ನನ್ನ ಅಣ್ಣನಿಗೆ ನ್ಯಾಯ ಕೇಳಲು ಹೋದವಳು. ಅವರ ಅಂಗಳದಲ್ಲಿ ನಿಂತಾಗ ನಾನೂ ಬಲ್ಲಾಳನ ಸಾಲಿನಲ್ಲಿಯೇ ಇದ್ದೆ. ಅವರು ಎದ್ದು ಕೈ ತೊಳೆದು ಬಂದು, "ಹೆಬ್ಬೆಟ್ಟು ಎಲ್ಲಿ ಒತ್ತಬೇಕು?" ಎಂದು ಮಾತ್ರ ಕೇಳಿದರು.

ದೂರು ಕೊಟ್ಟವರು ಸೇಸಮ್ಮ. ಹನ್ನೆರಡನೆಯ ತಾರೀಕು ನಿಮ್ಮ ಸೇಠರ ಲಾರಿ ಬೀಡಿನ ಅಂಗಳಕ್ಕೆ ಬಂದಿತ್ತು. ಕಾರನ್ನು ಹಲಗೆ ಇಟ್ಟು ಏರಿಸುತ್ತಿದ್ದಾಗ ಪೊಲೀಸರು ಬಂದರು. ಪದ್ಮಪ್ರಸಾದ ಬಲ್ಲಾಳ ತನ್ನ ಸಹಿಯನ್ನು ನೋಡಿ, "ಇದು ಬೊಂಬಾಯಿಗೆ ಕೊಟ್ಟದ್ದಲ್ವಾ" ಎಂದನಂತೆ. ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಕಾರನ್ನು ಅದೇ ಲಾರಿಗೆ ಹಗ್ಗ ಕಟ್ಟಿಸಿ ಮೂಡುಬಿದ್ರಿಯ ಠಾಣೆಗೆ ಎಳೆದು ತಂದರು. ಕೇಸು ಮುಗಿಯುವವರೆಗೆ ಅದು ಮುದ್ದೆಮಾಲು. ಯಾರೂ ಮುಟ್ಟುವ ಹಾಗಿಲ್ಲ, ಮಾರುವ ಹಾಗಿಲ್ಲ. ಬಲ್ಲಾಳನಿಗೆ ಮೂರು ದಿನದ ಮೇಲೆ ಜಾಮೀನು ಸಿಕ್ಕಿತು. ಕಾರಿಗೆ ಸಿಗಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಬಸ್ಸು ಹಿಡಿದು ಅದನ್ನು ನೋಡಲಿಕ್ಕೆಂದೇ ಹೋಗುತ್ತೇನೆ. ಠಾಣೆಯ ಹಿಂದೆ ಬಯಲಿನಲ್ಲಿ ನಿಲ್ಲಿಸಿದ್ದಾರೆ. ಹುಡ್ ಇಲ್ಲದ್ದರಿಂದ ಈ ತಿಂಗಳ ಮಳೆಯೆಲ್ಲ ಒಳಗೇ ಬಿದ್ದು ಕೆಂಪು ಸೀಟುಗಳು ಉಬ್ಬಿವೆ. ಟಯರು ಕೆಸರಿನಲ್ಲಿ ಹೂತಿವೆ. ಪ್ರಪಂಚದಲ್ಲಿ ಏಳೇ ಇದ್ದ ಕಾರು ನನ್ನ ಕಣ್ಣೆದುರು ತುಕ್ಕು ಹಿಡಿಯುತ್ತಿದೆ. ನನಗೆ ಸಂತೋಷವಾಗುತ್ತದೆ. ಸುಳ್ಳು ಹೇಳುವುದಿಲ್ಲ.

ನಿಮಗೆ ಸಮನ್ಸ್ ಬರುತ್ತದೆ.

ನೀಲಾವತಿ


೭೮೬
ಮೆಲ್ಕಾರ್
ತಾ. ೨-೧೨-೧೯೬೪

ನೀಲಾವತಿ ಟೀಚರಿಗೆ,

ಸಮನ್ಸ್ ಬಂದ ದಿನವೇ ಸೇಠರು ನನ್ನನ್ನು ತೆಗೆದರು. ಊರಿಗೆ ಬಂದಿದ್ದೇನೆ. ಉಮ್ಮನಿಗೆ ನಾನೇ ಎಲ್ಲ ಹೇಳಿದೆ. ಅವರು ಹೊಡೆಯಲಿಲ್ಲ, ಬೈಯಲಿಲ್ಲ. ನನಗೆ ಊಟ ಬಡಿಸುವುದನ್ನು ಸೈನಬಳಿಗೆ ಬಿಟ್ಟಿದ್ದಾರೆ. ಗಂಡು ಮಗು ಹುಟ್ಟಿದೆ.

ಜನವರಿಯಲ್ಲಿ ನನ್ನ ಸಾಕ್ಷಿ. ಈ ಸಲ ಕಂಡದ್ದನ್ನೇ ಹೇಳುತ್ತೇನೆ. ಬಲ್ಲಾಳರ ಕಡೆಯಿಂದ ಎರಡು ಸಲ ಆಳು ಬಂದು ಹೋದ. ನಾನು ಬಾಗಿಲು ತೆಗೆಯಲಿಲ್ಲ.

ಕೋರ್ಟಿನಲ್ಲಿ ಎದುರಾದಾಗ ಒಂದು ಮಾತಾಡುತ್ತೀರಾ? ಕ್ಷಮಿಸಿದೆ ಎಂದು ನಿಮ್ಮ ಬಾಯಿಂದ ಕೇಳಿದರೆ ಜೈಲು ಹಗುರವಾದೀತು.

ಶುಕೂರ್


ವೇಣೂರು
ತಾ. ೨೧-೩-೧೯೬೫

ಅಬ್ದುಲ್ ಶುಕೂರ್ ಅವರಿಗೆ,

ನೀವು ಮೊನ್ನೆ ತೀರ್ಪಿನ ದಿನ ಬರಲಿಲ್ಲ. ಪದ್ಮಪ್ರಸಾದ ಬಲ್ಲಾಳನಿಗೆ ಒಂದು ವರ್ಷ. ನನ್ನ ಅಣ್ಣನಿಗೆ ಕೊಟ್ಟದ್ದಕ್ಕಿಂತ ಎರಡು ತಿಂಗಳು ಕಡಿಮೆ. ಅವನು ಕಟಕಟೆಯಿಂದ ಇಳಿಯುವಾಗ ಸೇಸಮ್ಮ ದಾರಿಗೆ ಅಡ್ಡ ನಿಂತರು. "ಅವಳ ಹೆಸರು ಹೇಳು" ಎಂದರು. ಅವನಿಗೆ ಹೆಸರು ಬರಲಿಲ್ಲ. ಎಂಟು ವರ್ಷ, ಒಂದು ಕೇಸು, ಅಷ್ಟು ವಿಚಾರಣೆ ಆದ ಮೇಲೂ ಬರಲಿಲ್ಲ. ಪಕ್ಕದ ಪೊಲೀಸನ ಮುಖ ನೋಡಿದ. ಸೇಸಮ್ಮ ಅವನ ಮೇಲೆ ಕೈಮಾಡಲಿಲ್ಲ. ಬದಿಗೆ ಸರಿದು, "ಕರ್ಕೊಂಡು ಹೋಗಿ" ಎಂದರು.

ಅಣ್ಣನ ಹೆಸರಿನ ಶಿಕ್ಷೆಯನ್ನು ಅಳಿಸಲು ವಕೀಲ ಗುರುವಪ್ಪನವರು ಮೇಲಿನ ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಯಾವಾಗ ಆಗುತ್ತದೋ ಗೊತ್ತಿಲ್ಲ. ಕಾರು ಅಪೀಲು ಮುಗಿಯುವವರೆಗೆ ಅಲ್ಲಿಯೇ ಇರಬೇಕಂತೆ. ಅದರ ಬಾಗಿಲನ್ನು ಯಾರೋ ಕದ್ದುಕೊಂಡು ಹೋಗಿದ್ದಾರೆ. ನಾನು ಈಗ ನೋಡಲು ಹೋಗುವುದಿಲ್ಲ.

ಜನವರಿಯಲ್ಲಿ ನೀವು ಮೂರು ಗಂಟೆ ನಿಂತು ಸಾಕ್ಷಿ ಹೇಳಿದಿರಿ. ವಕೀಲರು ನಿಮ್ಮನ್ನು ಕಳ್ಳ, ಸುಳ್ಳ ಎಂದಾಗ, "ಹೌದು, ಆಗ ಸುಳ್ಳು ಹೇಳಿದ್ದೆ" ಎಂದಿರಿ. ವರಾಂಡದಲ್ಲಿ ನನ್ನ ಎದುರು ಬಂದು ನಿಂತಿರಿ. ನಾನು ಮುಖ ತಿರುಗಿಸಿ ಹೋದೆ. ಅಹಂಕಾರದಿಂದ ಎಂದು ತಿಳಿದಿರಬಹುದು. ಅಲ್ಲ. ಒಂದು ಮಾತಾಡಿದ್ದರೂ ಅತ್ತುಬಿಡುತ್ತಿದ್ದೆ. ನಿಮ್ಮೆದುರು ಅಳಲು ನನಗೆ ಮನಸ್ಸಿರಲಿಲ್ಲ.

ನಿಮ್ಮನ್ನು ನಾನು ಕ್ಷಮಿಸಿಲ್ಲ. ಅಣ್ಣನನ್ನೂ ಕ್ಷಮಿಸಿಲ್ಲ, ಅವನ ದುಡಿಮೆಯೆಂದು ನಂಬಿ ಓದಿದ ನನ್ನನ್ನೂ ಇಲ್ಲ. ದಿನಾ ಬೆಳಿಗ್ಗೆ ಶಾಲೆಯ ಮೆಟ್ಟಿಲು ಹತ್ತುವಾಗ ಇದು ಯಾರ ಸಾವಿನ ಮೇಲೆ ನಿಂತ ಮೆಟ್ಟಿಲು ಎಂದು ನೆನಪಾಗುತ್ತದೆ. ಆದರೂ ಹತ್ತುತ್ತೇನೆ. ಕೆಲಸ ಬಿಡುತ್ತೇನೆಂದು ಸೇಸಮ್ಮನ ಹತ್ತಿರ ಹೇಳಿದ್ದೆ. "ಬಿಟ್ಟರೆ ನನಗೆಂತ ಸಿಗ್ತದೆ?" ಎಂದು ಕೇಳಿದರು.

ಕ್ಷಮೆಯನ್ನು ನನ್ನ ಹತ್ತಿರ ಕೇಳಬೇಡಿ. ಅದು ನನ್ನ ಕೈಯಲ್ಲಿಲ್ಲ. ನಿಮ್ಮ ಸುಳ್ಳು ಸಾಕ್ಷಿಯ ಕೇಸು ಶುರುವಾಗುವ ಮೊದಲು ತೋಡಾರಿಗೆ ಹೋಗಿ. ಬ್ರಾಂಚಿನ ಹಿಂದಿನ ಮೂರನೆಯ ಮನೆ ಸೇಸಮ್ಮನದು. ಅವರು ಕೂರು ಎನ್ನುವುದಿಲ್ಲ. ನಿಂತು ಮಾತಾಡಿ.

ನೀಲಾವತಿ